ನೀರ ಮೇಲಿನವಳು

ಇಪ್ಪತ್ತೆರಡು ವರ್ಷ ಈ ಊರಿನ ನೀರ ಮೇಲೇ ಇದ್ದೆ,
ಎಲ್ಬೆ ನದಿಯ ಈ ದಡ ಆ ದಡ ಫೆರ್ರಿ ನಡೆಸುತ್ತ.
ಒಳಗೆ ಇಳಿದಿರಲಿಲ್ಲ.
ಈಜು ಬಾರದ ಅಂಬಿಗಿತ್ತಿ ಎಂದರೆ
ಹ್ಯಾಂಬರ್ಗಿನ ಕಡಲಕ್ಕಿಗಳೂ ನಕ್ಕಾವೆಂದು
ಯಾರಿಗೂ ಹೇಳಿರಲಿಲ್ಲ.

ನಲವತ್ತೊಂಬತ್ತಕ್ಕೆ ಕಲಿತೆ. ಮಂಗಳವಾರ, ಗುರುವಾರ,
ಕ್ಲೋರಿನ್ ವಾಸನೆಯ ಕೊಳದಲ್ಲಿ
ಆರು ವರ್ಷದ ಮಕ್ಕಳ ಸಾಲಿನ ಕೊನೆಗೆ ನಿಂತು.
ತ್ಯಾರ್ಕ್ ಎಂಬ ಹಲ್ಲುಬಿದ್ದ ಪೋರ ಹೇಳಿದ:
'ನೀನು ತುಂಬಾ ಯೋಚಿಸುತ್ತೀಯ, ಅದಕ್ಕೇ ಮುಳುಗುತ್ತೀಯ.'

ಜುಲೈ ತಿಂಗಳ ಭಾನುವಾರ, ಬೆಳಿಗ್ಗೆ ಏಳು.
ತೋಳಿನ ಮೇಲೆ ಕಪ್ಪು ಶಾಯಿಯಲ್ಲಿ ನಾಲ್ಕು ಸಾವಿರದ ಎಂಟುನೂರ ಹದಿನಾರು.
ಬಾಡಿಗೆಯ ರಬ್ಬರ್ ಅಂಗಿಯೊಳಗೆ ಬೇರೆ ಯಾರದೋ ಬೆವರು.
ಜಿಪ್ಪು ಬೆನ್ನಿನ ಕಡೆಗಿದೆ, ಕೈಗೆಟುಕುವುದಿಲ್ಲ.
ಸಾವಿರಾರು ಜನ ಒಬ್ಬರಿಗೊಬ್ಬರು ತಿರುಗಿ ನಿಂತು
'ಸ್ವಲ್ಪ ಎಳೆಯುತ್ತೀರಾ?' ಎನ್ನುತ್ತಿದ್ದಾರೆ.
ಬೆನ್ನು ತೋರಿಸುವುದು ಹೇಡಿಗಳ ಕೆಲಸವಲ್ಲ ಇಲ್ಲಿ.

ಸೈರನ್.
ಆಲ್ಸ್ಟರ್ ಸರೋವರದ ನೀರು ಆರಿಹೋದ ಹಸಿರು ಚಹಾ,
ಪಾಚಿಯ ರುಚಿ, ಬಾತುಕೋಳಿಯ ರುಚಿ.
ಯಾರದೋ ಮೊಣಕೈ, ಯಾರದೋ ಹಿಮ್ಮಡಿ.
ಉಸಿರೆತ್ತಿದಾಗೊಮ್ಮೆ ಚರ್ಚಿನ ಗೋಪುರ,
ಇನ್ನೊಮ್ಮೆ ಅದೂ ಇಲ್ಲ.

ಆಮೇಲೆ ಸೇತುವೆ.
ಸಾವಿರ ಸಲ ಅದರ ಮೇಲೆ ನಡೆದಿದ್ದೇನೆ,
ದಾಲ್ಚಿನ್ನಿ ಬನ್ನು ತಿನ್ನುತ್ತ, ಕೊಡೆ ಹಿಡಿದು, ಜಗಳವಾಡುತ್ತ.
ಅದಕ್ಕೊಂದು ಅಡಿ ಇದೆ ಎಂದು ಗೊತ್ತಿರಲಿಲ್ಲ.
ಸೂರ್ಯನ ಸ್ವಿಚ್ಚನ್ನು ಯಾರೋ ಟಕ್ಕೆಂದು ಒತ್ತಿದ ಹಾಗೆ ಕತ್ತಲು.
ಕಲ್ಲಿನ ಕಮಾನಿಗೆ ಬಡಿದು
ನನ್ನ ಉಸಿರೇ ಹತ್ತಾಗಿ ನನ್ನ ಬೆನ್ನಟ್ಟಿತು.
ಕಾಲನ್ನು ಒಂದು ಕೈ ಹಿಡಿಯಿತು.

ತಿರುಗಿದೆ. ಮುಖವಿಲ್ಲ, ಹಲ್ಲಿನ ಬಿಳುಪು ಅಷ್ಟೇ.
'ಕ್ಷಮಿಸಿ. ಆರಾಮಾಗಿದ್ದೀರಾ?'
'ಇಲ್ಲ. ನೀವು?'
'ನಾನೂ ಇಲ್ಲ.'
ಇಬ್ಬರಿಗೂ ನಗು ಬಂತು, ನಗುವಿನೊಡನೆ ಒಂದು ಬೊಗಸೆ ನೀರು.
ಎರಡು ಕಪ್ಪೆಗಳ ಹಾಗೆ, ಅವಸರವಿಲ್ಲದೆ,
ಬೆಳಕಿದ್ದ ಕಡೆ ಹೋದೆವು.
ಬೆಳಕಿನಲ್ಲಿ ಎಲ್ಲರದೂ ಅದೇ ಕಪ್ಪು ಅಂಗಿ, ಅದೇ ಹಳದಿ ಟೋಪಿ.
ಯಾರೆಂದು ಗೊತ್ತಾಗಲೇ ಇಲ್ಲ.

ಸೈಕಲ್ಲು ಪಕ್ಕದ ಮನೆಯ ಗುಲ್ಸುಮಳದು.
ಮುಂದಿನ ಬುಟ್ಟಿ ಕಳಚಿದ್ದಳು. ಬೆಲ್ ಮಾತ್ರ ಮುಟ್ಟಬೇಡ ಎಂದಿದ್ದಳು.
ಲಕ್ಷ ಬೆಲೆಯ ಚಕ್ರಗಳು ಕಣಜಗಳಂತೆ ಗುಂಯ್ಗುಟ್ಟಿ ಹೋದವು,
ಹೋದವರಿಗೆಲ್ಲ ಬೆಲ್ ಬಾರಿಸಿದೆ, ಟ್ರಿಣ್, ಟ್ರಿಣ್.
ಬಂದರಿನ ರಸ್ತೆಯಲ್ಲಿ, ಕೆಳಗೆ, ನನ್ನದೇ ಫೆರ್ರಿ!
ಈ ದಿನದ ಪಾಳಿ ಡೆಟ್ಲೆಫನದು.
ಕಂಡವನೇ ಹಾರ್ನ್ ಒತ್ತಿದ, ಮೂರು ಸಲ, ಗಿಡ್ಡವಾಗಿ.
ಹಡಗಿನ ಭಾಷೆಯಲ್ಲಿ ಹಾಗೆಂದರೆ
'ನನ್ನ ಯಂತ್ರ ಹಿಮ್ಮುಖ ತಿರುಗುತ್ತಿದೆ.'
ಎಲಾ ಕತ್ತೆ, ಎಂದು ಕೂಗಿದೆ, ಗಂಟಲು ಯಾಕೋ ಕಟ್ಟಿತು.

ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ.
ಕಾಲುಗಳು ಬಾಡಿಗೆಯವಲ್ಲ, ಆದರೂ ನನ್ನವಾಗಿರಲಿಲ್ಲ.
ಆರನೇ ಕಿಲೋಮೀಟರಿನಲ್ಲಿ ನಡೆದೆ.
ತೋಟದ ಪೈಪು ಹಿಡಿದು ನಿಂತ ಒಬ್ಬ ಮುದುಕಿ
'ನೀರು?' ಎಂದಳು. ನೆತ್ತಿ ಬಗ್ಗಿಸಿದೆ.
ಅಷ್ಟು ನೀರಾದ ಮೇಲೂ ಮತ್ತೆ ನೀರು,
ಮತ್ತೆ ಬೇಕೆನಿಸಿತು.

ಮುಟ್ಟಿದಾಗ ನೀಲಿ ಹಾಸನ್ನು ಒಂದು ಕೊನೆಯಿಂದ ಸುತ್ತತೊಡಗಿದ್ದರು.
ಹುಡುಗನೊಬ್ಬ ಸುತ್ತುವುದು ನಿಲ್ಲಿಸಿ, ಪಕ್ಕಕ್ಕೆ ಸರಿದು, ಚಪ್ಪಾಳೆ ತಟ್ಟಿದ.
ಅರ್ಧ ಬಾಳೆಹಣ್ಣು, ರಿಬ್ಬನ್ನಿಗೆ ಒಂದು ತಗಡು.
ಗುಂಪಿನಲ್ಲಿ ನಗುವವರ ಬಾಯಿಗಳನ್ನೇ ನೋಡುತ್ತ ನಿಂತೆ,
ಆ ಹಲ್ಲುಗಳನ್ನು ಹುಡುಕುತ್ತ.
ಊರ ತುಂಬ ಹಲ್ಲುಗಳು.

ಸೋಮವಾರ, ಐದೂ ಇಪ್ಪತ್ತು. ಹಗ್ಗ ಬಿಚ್ಚಿದೆ.
ತೋಳಿನ ಸಂಖ್ಯೆ ಸೋಪಿಗೆ ಅರ್ಧ ಅಳಿದು ಹದಿನಾರು ಉಳಿದಿತ್ತು,
ಚಳಿಯಿದ್ದರೂ ತೋಳು ಮಡಿಸಿಟ್ಟಿದ್ದೆ.
ಯಾರೂ ಕೇಳಲಿಲ್ಲ.
ಪ್ರವಾಸಿಯೊಬ್ಬ ಎಲ್ಲರೂ ಕೇಳುವುದನ್ನೇ ಕೇಳಿದ:
'ಇಲ್ಲಿ ಎಷ್ಟು ಆಳ?'
ದಿನವೂ ಹೇಳುವ ಮೀಟರುಗಳನ್ನೇ ಹೇಳಿದೆ.
ನಾಲಗೆಯ ಮೇಲೆ ಇನ್ನೂ
ಬಾತುಕೋಳಿಯ ರುಚಿ.