ಮುಳಗುಂದ ನಾಕಾದಾಗ ಬರ್ಫ

ಐದು ಲಾದಿ ಬರ್ಫ, ಮ್ಯಾಲ ಗೋಣಿತಟ್ಟು,
ಅದರ ಮ್ಯಾಲ ಕಟ್ಟಿಗಿ ಹೊಟ್ಟು.
ಟಂಟಂ ಬಿಟ್ಟಾಗ ಒಂಬತ್ತೂ ಹತ್ತು.
ಬೆಟಗೇರಿಗೆ ಬಹಳಂದ್ರ ಇಪ್ಪತ್ತು ಮಿನಿಟಿನ ಹಾದಿ.

ನಾಕಾದಾಗ ಅಡ್ಡ ಬಿದಿರು.
ಬಿದಿರಿನ ಹಿಂದ ಹೋಂಗಾರ್ಡ್ ಹುಡುಗ,
ತಲಿಗಿಂತ ಎರಡು ಸೈಜ್ ದೊಡ್ಡದು ಟೊಪ್ಪಿಗಿ.
'ಏನಪಾ?'
'ರೇಸ್ ಐತ್ರಿ.'
'ಎಂಥಾದ್ದು?'
'ಸೈಕಲ್ದು.'
'ಎಷ್ಟೊತ್ತಿಗೆ ಬಿಡ್ತೀರಿ?'
'ನಮಗೂ ಈಗ ಹೇಳ್ಯಾರ್ರಿ, ನಿಲ್ಲಸ್ರಿ ಅಂತ.
ಬಿಡ್ರಿ ಅಂತ ಇನ್ನೂ ಹೇಳಿಲ್ಲ.'

ನನ್ನ ಹಿಂದ ಆಗಲೇ ಸಾಲು:
ಒಣಮೆಣಸಿನಕಾಯಿ ಟ್ರ್ಯಾಕ್ಟರು, ಲಕ್ಷ್ಮೇಶ್ವರದ ಬಸ್ಸು,
ಒಂದ ಆಟೋದಾಗ ಪರೀಕ್ಷೆಗೆ ಹೊಂಟ ಐದು ಮಂದಿ ಡಿ.ಎಡ್. ಹುಡಿಗ್ಯಾರು.
'ಹಾತಲಗೇರಿ ನಾಕಾ ಹಿಡದು ಹೋಗ್ರಿ' ಅಂದ ತೋಳಿಗೆ ಪಟ್ಟಿ ಕಟ್ಟಿದವ.
ಹ್ವಾದೆ. ಅಲ್ಲೂ ಬಿದಿರು. ಹೊಳ್ಳಿ ಬಂದೆ.
ಹ್ವಾದ ಹಾದಿ, ಬಂದ ಹಾದಿ, ಎರಡರ ಗುಂಟಾನೂ
ಬರ್ಫ ಒದ್ದಿ ಗೆರಿ ಎಳದಿತ್ತು.

'ಪೋಸ್ಟರ್ ಹಚ್ಚೀವಲ್ರೀ' ಅಂತಾನ ಪಟ್ಟಿಯವ.
ಹಚ್ಚಿದ್ದು ಖರೇ. ನಿನ್ನೆ ಸಂಜಿಕೆ,
ಮೈದಾಹಿಟ್ಟಿನ ಅಂಟು ಇನ್ನೂ ಹಸಿ ಇರೂವಾಗ.
ಆಡು ಬಿಡ್ತಾವೇನು?
ಗ್ವಾಡಿಗೆ ಮುಂಗಾಲು ಕೊಟ್ಟು ನಿಂತು ಓದಿ ಮುಗಿಸ್ಯಾವ.
ತಾರೀಖು ತಿಂದಾವ, ವ್ಯಾಳ್ಯಾ ತಿಂದಾವ, ಬಂದ್ ಆಗೂ ರಸ್ತೆ ಎಲ್ಲಾ ತಿಂದಾವ.
ಉಳದದ್ದು ಮ್ಯಾಲಿನ ತುದಿ:
ಅಧ್ಯಕ್ಷರ ಫೋಟೊ, ಬಾಜೂಕ 'ಸರ್ವರಿಗೂ ಸುಸ್ವಾಗತ'.

ಬಿಸಲು ಏರಿತು. ಮಂದಿ ನನ್ನ ಗಾಡಿ ನೋಡಾಕ ಹತ್ತಿದ್ರು.
'ಕಾಕಾ, ಒಂದು ತುಣುಕು ಕೊಡ್ರಿ, ಕೂಸು ಅಳಾಕ ಹತ್ತೇತಿ.'
'ಶರಬತ್ತಿನಂಗಡಿಗೇನ್ರಿ?' 'ಮದಿವಿಗೆ?'
ಒಬ್ಬಗ ಹೂಂ ಅಂದೆ, ಇನ್ನೊಬ್ಬಗ ಊಂಹೂಂ.
ಹ್ಯಾಂಗ ಹೇಳ್ಲಿ?
ನೇಕಾರ ಓಣ್ಯಾಗ ನೀಲಗಂಗವ್ವ ನಸಿಕಿನ್ಯಾಗ ಹೋಗ್ಯಾಳ.
ಮಗಳು ಇಚಲಕರಂಜಿಯಿಂದ ಬರಬೇಕು.
ಅಕಿ ಬಂದು ನೋಡೂತನಕ ಮಾರಿ ಕೆಡಬಾರದು.
ಮೊಮ್ಮಗಂದು ಫೋನ್ ಮ್ಯಾಲ ಫೋನು:
'ಎಲ್ಲಿದ್ದೀರಿ ಮಕ್ತುಮಣ್ಣಾ?'
'ಇಲ್ಲೇ ಅದೀನಿ ತಮ್ಮಾ.'

ಹತ್ತೂವರಿಗೆ ಬಂದ್ರು.
ಬೆಳವನ ಹಿಂಡು ಎದ್ದಂಗ ಬಂದ್ರು, ಹೋದ್ರು,
ಟೈರಿನ ಸುಂಯ್ ಅನ್ನೂ ಸಪ್ಪಳ ಅಷ್ಟ ಹಿಂದ ಉಳೀತು.
ನೋಡಾಕಂತ ಬಂದವರು ಒಬ್ಬರಿಲ್ಲ,
ಸಿಕ್ಕೊಂಡವರ ನೋಡಿದ್ವಿ.
ಬಸ್ಸಿನವ ಹಾರ್ನ್ ಹೊಡದ, ಸಿಟ್ಟಿಗೋ ಹುರುಪಿಗೋ.

'ಬಿಡಪಾ ಇನ್ನ.'
'ಇನ್ನೊಬ್ಬ ಬರಬೇಕಂತ್ರಿ.'
ಇಪ್ಪತ್ತೆರಡು ಮಿನಿಟು ಇನ್ನೊಬ್ಬ.

ಬಂದ. ಹದಿನಾರೋ ಹದಿನೇಳೋ ವರ್ಷ.
ಚೈನ್ ಕಳಚಿದ ಸೈಕಲ್ ನೂಕ್ಕೋತ,
ಬೂಟು ಟಕ್ ಟಕ್ ಅನಿಸ್ಕೋತ,
ಮೊಣಕಾಲು ಕಿತ್ತು ರಕ್ತ, ಬೆನ್ನಿನ ನಂಬರು ಒಂದ ಪಿನ್ನಿಗೆ ಜೋತಾಡ್ತಿತ್ತು.
ಒಂದೂವರಿ ತಾಸು ಕೂಡಿಟ್ಟ ಬೈಗುಳ
ಎಲ್ಲಾರ ಬಾಯಾಗ ಹಂಗ ಉಳದ್ವು.
'ನೀರು' ಅಂದ.
ಯಾರ ಹಂತ್ಯಾಕೂ ಇಲ್ಲ.
ಎಲ್ಲಾರೂ ನನ್ನ ಕಡೆ ನೋಡಿದ್ರು.

ಹೆಣಕ್ಕಂತ ತಂದದ್ದು.
ಆದ್ರ ಇನ್ನೂ ಹೆಣ ಮುಟ್ಟಿಲ್ಲ, ಮುಟ್ಟೂತನಕ ಬರ್ಫ ಬರ್ಫನ.
ನೀಲಗಂಗವ್ವಾ, ರೊಕ್ಕ ಇಸಗೊಳ್ಳಾಕ ಬಂದವಗೂ
ತಂಬಿಗಿ ನೀರು, ಬೆಲ್ಲ ಇಟ್ಟಾಕಿ ನೀನು,
ಅಂತ ಮನಸಿನ್ಯಾಗ ಅಂದು
ಹಾರಿ ತುದಿಲೆ ಒಂದು ಮೂಲಿ ಒಡದೆ.
ಅರ್ಧ ಬಾಯಾಗ ಹಾಕ್ಕೊಂಡ, ಅರ್ಧ ಮೊಣಕಾಲಿಗೆ ಒತ್ತಿ ಹಿಡದ.
ಕೂಸಿಗೂ ಕೊಟ್ಟೆ.
ಟ್ರ್ಯಾಕ್ಟರಿನವ ಬಗ್ಗಿ ಚೈನ್ ಏರಿಸಿದ.
ಹುಡುಗ ಹುಬ್ಬಳ್ಳಿ ರಸ್ತೆ ಹಿಡದು ಹೋದ, ಸಾವಕಾಶ.
ಡಿ.ಎಡ್. ಹುಡಿಗ್ಯಾರು ಕೈ ಬೀಸಿದ್ರು,
ಪರೀಕ್ಷೆ ಹ್ಯಾಂಗೂ ಹೋಗಿತ್ತು.

ಬೆಟಗೇರಿ ಮುಟ್ಟಿದಾಗ ಐದರಾಗ ಮೂರು ಉಳದಿದ್ವು,
ಮೂರನೇದ್ದು ಮೂರನೇದ್ದಂತ ಹೇಳಾಕ ಬರೂಹಂಗಿರಲಿಲ್ಲ.
ಮೊಮ್ಮಗ ಎಣಿಸಿದ. ಏನೂ ಅನ್ನಲಿಲ್ಲ.
'ಎರಡರ ರೊಕ್ಕ ಬ್ಯಾಡ ತಮ್ಮಾ' ಅಂದೆ. 'ನಿಮ್ಮತ್ತಿ?'
'ಹುಲಕೋಟಿತನಾ ಬಂದಾಳ್ರಿ.
ಅಲ್ಲಿ ರಸ್ತೆ ಬಂದ್ ಮಾಡಿ ನಿಲ್ಲಿಸ್ಯಾರಂತ.
ಇನ್ನೊಬ್ಬ ಬರಬೇಕಂತ.'