ತುಂಬಿನ ಲೆಕ್ಕ

ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ
ಗಾಳಿಗೂ ಕೆಮ್ಮು.
ಕಿಟಕಿ ಮುಚ್ಚಿ, ಫ್ಯಾನಿನ ಕೆಳಗೆ ಕೂತು
ಹೊರದೇಶಕ್ಕೆ ಹೋಗುವ ಕಾಗದಕ್ಕೆ ನಾನು ಸೀಲು ಒತ್ತುತ್ತೇನೆ:
ಈ ಸರಕನ್ನು ಹದಿನಾಲ್ಕರ ಒಳಗಿನ
ಯಾವ ಕೈಯೂ ಮುಟ್ಟಿಲ್ಲ.

ಶೆಡ್ಡಿನ ಮಟ್ಟಿಗೆ ಸುಳ್ಳಲ್ಲ.
ಹೋದ ವರ್ಷ ಕೊಳ್ಳುವವರ ಕಡೆಯವನೊಬ್ಬ ಬಂದಿದ್ದ,
ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಫೋಟೊ ತೆಗೆದ.
ಮರುದಿನ ಗೋಡೆಗೆ ನೀಲಿ ಬೋರ್ಡು, ಮಕ್ಕಳು ಹೊರಗೆ.
ಸಂಜೆ ಏಳಕ್ಕೆ ಚೀಲಗಳು ಟಂಟಂ ಹತ್ತಿ
ಓಣಿ ಸೇರತೊಡಗಿದವು.
ತುಂಬು ಬಿಡಿಸಲು ಶೆಡ್ಡಿನಲ್ಲಿ ಕಿಲೋಕ್ಕೆ ಹನ್ನೆರಡು,
ಮನೆಗೆ ಒಯ್ದರೆ ಎಂಟು.
ಮನೆಯಲ್ಲಿ ಎಷ್ಟು ಕೈ, ಎಷ್ಟು ವಯಸ್ಸು,
ಯಾವ ಕಾಗದವೂ ಕೇಳುವುದಿಲ್ಲ.

ಆಮೇಲೆ ಯಾವುದೋ ಬಂದರಿನಲ್ಲಿ ಸುಂಕ ಏರಿತು.
ಎಷ್ಟು ಎಂದು ಓದಿದ್ದೆ, ಮರೆತೆ.
ಎಂಟು ಆರಾದದ್ದು ನೆನಪಿದೆ,
ಹುಸೇನಬಿ ಅವತ್ತೇ
ಒಂದರ ಬದಲು ಎರಡು ಚೀಲ ಕೇಳಿದ್ದೂ.

ಎರಡನೆಯ ಚೀಲ ತಸ್ಲೀಮಾಳದು. ಏಳನೇ ಇಯತ್ತೆ.
ಪೇಟೆಯ ಮರುದಿನ ಸಾಲಿಗೆ ಹೋಗುವುದಿಲ್ಲ.
ಹೋದ ದಿನ ಅವಳು ನೋಟ್‌ಬುಕ್ ತೆರೆದರೆ
ಇಡೀ ಬೆಂಚು ಸೀನುತ್ತದಂತೆ.
ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ;
ನಿದ್ದೆಯಲ್ಲಿ ಕಣ್ಣು ಉಜ್ಜಿಕೊಂಡರೆ
ಬೆಳಗಿನತನಕ ಮನೆಮಂದಿಗೆಲ್ಲ ಎಚ್ಚರ.

ಮೊನ್ನೆ ತಾಯಿಯ ಬದಲು ಅವಳೇ ಬಂದಳು,
ಯೂನಿಫಾರ್ಮಿನಲ್ಲಿ, ಪಾಟಿಚೀಲ ಬೆನ್ನಿಗೆ.
"ಕೊಟ್ಟಾಗ ಇಪ್ಪತ್ತು ಕಿಲೋ ಇತ್ರಿ, ತುಂಬಿನ ಸಂಗಾಟ.
ತುಂಬು ಬಿಡಿಸಿ ತಂದ್ರ ಹದಿನೆಂಟೂವರಿ,
ಕಮ್ಮಿ ಬಿತ್ತು ಅಂತ ರೊಕ್ಕ ಮುರೀತೀರಿ.
ಬಿಡಿಸಿದ್ದು ಇಲ್ಲೈತಿ."
ಪುಸ್ತಕಗಳ ನಡುವಿನಿಂದ ಒಂದು ಗಂಟು ತೆಗೆದಳು.
"ಇದನ್ನೂ ತೂಗ್ರಿ."

ತೂಗಿದೆ.
ಒಂದೂವರೆಗೆ ಹತ್ತು ಗ್ರಾಂ ಕಡಿಮೆ.
"ಅದು ಮೂಗಿನ್ಯಾಗ ಹೋಗಿರತೈತ್ರಿ," ಎಂದಳು,
ನಗದೆ.

ಮುರಿದದ್ದನ್ನು ಕೊಟ್ಟೆ, ಅವತ್ತಿನದಷ್ಟನ್ನೇ.
ಹಿಂದಿನ ವಾರಗಳನ್ನು ಅವಳು ಕೇಳಬಹುದಿತ್ತು.
ಸಾಲಿಯ ಗಂಟೆ ಬಾರಿಸಿತು, ಓಡಿದಳು.

ಗಂಟು ಇನ್ನೂ ನನ್ನ ಮೇಜಿನ ಮೇಲಿದೆ.
ಎಲ್ಲಿ ಬರೆದುಕೊಳ್ಳಲಿ? ವಹಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಇವತ್ತು ಗುರುವಾರ.
ಬಂದರಿನಿಂದ ಮತ್ತೆ ಏನೋ ಸುದ್ದಿ, ಮಾಲೀಕರು ಫೋನಿನಲ್ಲಿದ್ದಾರೆ.
ಹುಸೇನಬಿಯ ಹೆಸರಿನ ಮುಂದೆ
ಮೂರು ಚೀಲ ಎಂದಿದೆ,
ನನ್ನದೇ ಅಕ್ಷರದಲ್ಲಿ.