ಕೆಳಗಿನ ದೇಶ

'ನಾನು' ಅನ್ನಬಾರದು ಅಂದರು ಮೊದಲಿಗೇ.
'ಈಜಿಪ್ಟ್ ಬಯಸುತ್ತದೆ' ಅನ್ನಬೇಕು,
'ಈಜಿಪ್ಟಿಗೆ ಕಳವಳವಾಗಿದೆ' ಅನ್ನಬೇಕು.
ಬಾಯಾರಿದರೆ ಫಲಕ ಎತ್ತಿ, ಅಪ್ಪಣೆ ಪಡೆದು,
ದೇಶವೇ ಎದ್ದು ಹೋಗಬೇಕು ನೀರಿನ ಕ್ಯಾನಿನ ಹತ್ತಿರ.

ಮಾನ್ಯ ಅಧ್ಯಕ್ಷರೆಂದರೆ ಬಿ.ಕಾಂ. ಕೊನೇ ವರ್ಷದ ಪ್ರದ್ಯುಮ್ನ.
ಮೇಜು ಕುಟ್ಟಲು ಅವನ ಕೈಯಲ್ಲಿ
ಕ್ರಿಕೆಟ್ ಬ್ಯಾಟು ಹದಮಾಡುವ ಮರದ ಸುತ್ತಿಗೆ.

ಮದ್ದೂರಿನಲ್ಲಿ ರೈಲು ಹತ್ತಿದವಳು
ಮಂಡ್ಯ ದಾಟುವ ತನಕ ಉರು ಹೊಡೆದೆ:
ಜನಸಂಖ್ಯೆ, ಗೋಧಿ, ಹತ್ತಿ, ಹಳೆಯ ಒಪ್ಪಂದ.
ಶ್ರೀರಂಗಪಟ್ಟಣದ ಸೇತುವೆ ಬಂತು.
ಯಾರೋ ನಾಣ್ಯ ಎಸೆದರು, ಯಾರೋ ಕೈಮುಗಿದರು.
ನಾನು ಹಾಳೆ ಮುಚ್ಚಿ ನೋಡಿದ್ದು
ಬಂಡೆಯ ಮೇಲಿನ ಕಪ್ಪು ಗೆರೆಯಿಂದ
ನೀರು ಎಷ್ಟು ಗೇಣು ಕೆಳಗಿದೆ ಅಂತ.
ನಮ್ಮ ಕಡೆಯವರ ಕಣ್ಣೇ ಹಾಗೆ.

ಕೋಟು ಚಿಕ್ಕಮ್ಮನ ಮಗನದು,
ಬ್ಯಾಂಕಿನ ಸಂದರ್ಶನಕ್ಕೆ ಹೊಲಿಸಿದ್ದು;
ತೋಳು ಬೆರಳ ತುದಿಗೆ, ಜೇಬಿನಲ್ಲಿ ನುಸಿಗುಳಿಗೆ.
ಪಕ್ಕದ ಫ್ರಾನ್ಸ್ ಮೂಗು ಮುಚ್ಚಿಕೊಂಡಿತು.
ಮಧ್ಯಾಹ್ನ ನನ್ನ ಡಬ್ಬಿಯ ನಿಪ್ಪಟ್ಟು ಮುರಿಯುವಾಗ
'ಅದು' ಹೋಗಿ 'ಅವಳು' ಆದಳು,
ಬನ್ನಿಮಂಟಪದ ತಸ್ಕೀನ್.

ನದಿಯ ಮೇಲ್ತುದಿಗೆ ಇಥಿಯೋಪಿಯಾ,
ಸರಸ್ವತಿಪುರಂ ಹುಡುಗ.
'ಅಣೆಕಟ್ಟು ನಮ್ಮ ಬೆವರು, ನಮ್ಮ ಮಣ್ಣು,
ನಮಗೇ ಇಲ್ಲದ ಮೇಲೆ
ಕೆಳಗಿನವರಿಗೆ ಎಲ್ಲಿಂದ ತರೋಣ' ಅಂದ.
ಅವನು ನೋಡಿಕೊಂಡು ಓದಿದ್ದು ನನಗೆ ಬಾಯಿಪಾಠ.
ಹೆದ್ದಾರಿಯಲ್ಲಿ ಟಯರು ಉರಿದ ದಿನ
ಅಪ್ಪನ ಹೆಗಲ ಮೇಲೆ ಕೂತು ಕೂಗಿದ್ದೆ ಅದನ್ನೇ,
ಐದು ವರ್ಷದವಳು,
ತಲೆಗೆ ಅವನದೇ ಹಸಿರು ಟವಲು.
ತಿದ್ದಬೇಕೆನಿಸಿತು ಆ ಹುಡುಗನನ್ನು:
ಹಾಗಲ್ಲ ಕಣೋ, ಮೊದಲು ಕುಡಿಯೋ ನೀರು ಅನ್ನು,
ಆಮೇಲೆ ನಿಂತ ಪೈರು, ಕೊನೆಗೆ ಬೆವರು.
ಇದಕ್ಕೊಂದು ಕ್ರಮ ಇದೆ.

ಎದ್ದೆ. ಎದ್ದದ್ದು ಈಜಿಪ್ಟ್.
'ಮಾನ್ಯ ಅಧ್ಯಕ್ಷರೇ, ನದಿಗೆ ನೀರು ಬಿಡಲಿ.'
ನಾಲೆಗೆ ನೀರು ಬಿಡಿ ಅಂತ
ಎಂಜಿನಿಯರ ಆಫೀಸಿನ ಮುಂದೆ ಕೂತ ಮನೆ ನಮ್ಮದು.
ನದಿಗೆ ಬಿಡಿ ಅಂದವರು
ನಮ್ಮ ವಂಶದಲ್ಲೇ ಇಲ್ಲ.
ನಾಲಿಗೆ ಒಂದು ಗಳಿಗೆ ತೂಬಿನ ಹಲಗೆಯ ಹಾಗೆ
ಕಚ್ಚಿಕೊಂಡಿತು.

ಆಮೇಲೆ ಹಾಳೆ ಬಿಟ್ಟು ಹೇಳತೊಡಗಿದೆ,
ಎಲ್ಲಿಂದ ಬಂತೋ.
ನಾಲೆಯ ಕಟ್ಟಕಡೆಯ ಗದ್ದೆಗೆ
ನೀರು ಬರುವುದು ನೀರಾಗಿ ಅಲ್ಲ, ಸುದ್ದಿಯಾಗಿ.
ಮೇಲಿನ ಊರು ದಾಟಿತಂತೆ, ಸೇತುವೆ ಮುಟ್ಟಿತಂತೆ.
ಅಷ್ಟರಲ್ಲಿ ಯಾರೋ ಅಡ್ಡ ಮಣ್ಣು ಹಾಕಿದರಂತೆ.
ರಾತ್ರಿ ಎರಡಕ್ಕೆ ಟಾರ್ಚು ಹಿಡಿದು
ತೂಬು ಕಾಯಲು ಹೋಗುವ ನಮ್ಮಮ್ಮ

ಸುತ್ತಿಗೆ ಬಿತ್ತು.
'ಈಜಿಪ್ಟಿಗೆ ಅಮ್ಮ ಇರುವುದಿಲ್ಲ.
ಪ್ರತಿನಿಧಿ ಕುಳಿತುಕೊಳ್ಳತಕ್ಕದ್ದು.'
ಚೀನಾ ಕಿಸಕ್ಕನೆ ನಕ್ಕಿತು.
ಕೂತೆ. ತಸ್ಕೀನ್ ಮೇಜಿನ ಕೆಳಗಿಂದ
ಚೀಟಿ ದಾಟಿಸಿದಳು: ಮುಂದೇನಾಯ್ತು?

ಸಂಜೆ ನಿರ್ಣಯ ಪಾಸಾಯಿತು,
'ನ್ಯಾಯಯುತ ಪ್ರಮಾಣದಲ್ಲಿ' ಬಿಡುವುದೆಂದು.
ಉತ್ತಮ ಪ್ರತಿನಿಧಿ ಇಥಿಯೋಪಿಯಾ.
ಚಪ್ಪಾಳೆ ತಟ್ಟಿದೆ. ಚೆನ್ನಾಗಿಯೇ ಓದಿದ್ದ.

ಮನೆಗೆ ಬಂದಾಗ ಅಪ್ಪ ಉಣ್ಣುತ್ತಿದ್ದ.
'ಏನ್ ಮಗ, ಗೆದ್ಯಾ?'
'ಇಲ್ಲ ಕಣಪ್ಪ. ಕೆಳಗಿನ ದೇಶ ಆಗಿದ್ದೆ.
ನೀರು ಬಿಡಿ ಅಂದೆ. ಒಪ್ಪಿದ್ರು.'
ಮುದ್ದೆ ಮುರಿದ ಕೈ ಅಲ್ಲೇ ನಿಂತಿತು.
ಬೈಯುತ್ತಾನೆ ಅಂದುಕೊಂಡೆ.
'ಎಷ್ಟು ಕ್ಯೂಸೆಕ್ಸು?' ಅಂದ.

ನಲವತ್ತೆರಡು ದೇಶ ಕೂತಿದ್ದವು ಅಲ್ಲಿ.
ಒಂದೂ ಕೇಳಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ಅಮ್ಮ
ಕುಟ್ಟಿ ಕುಟ್ಟಿ ನೋಡುತ್ತಿದ್ದಳು ಟಾರ್ಚನ್ನು.
ಸೆಲ್ಲು ಸಡಿಲ.
ನನ್ನ ಫಲಕದ ಮೂಲೆ ಹರಿದು, ಮಡಿಚಿ, ಒಳಗೆ ತುರುಕಿದಳು.
ಹತ್ತಿಕೊಂಡಿತು.
'ಮೇಲಿನೂರು ದಾಟೈತಂತೆ' ಅಂದು
ಚಪ್ಪಲಿ ಮೆಟ್ಟಿದಳು.